ಲೆಕ್ಕಕ್ಕೆ ಸಿಗದೆ ಉಳಿದದ್ದು

ಒಂದು ಗಾಜಿನ ಬುರುಡೆ. ಗಾಳಿಯಿಂದ ಬೇರ್ಪಡಿಸಿದ ಸಾರಜನಕವನ್ನು ಅದರಲ್ಲಿ ತುಂಬಿ ತೂಗಿದರೆ 2.310 ಗ್ರಾಂ. ಅದೇ ಬುರುಡೆಗೆ ಅಮೋನಿಯಾದಂಥ ರಾಸಾಯನಿಕಗಳಿಂದ ತಯಾರಿಸಿದ ಸಾರಜನಕ ತುಂಬಿ ತೂಗಿದರೆ 2.299 ಗ್ರಾಂ. 1890ರ ದಶಕದ ಶುರುವಿನಲ್ಲಿ ಭೌತವಿಜ್ಞಾನಿ ಲಾರ್ಡ್ ರೇಲಿ ಅವರ ತಲೆ ತಿಂದದ್ದು ಈ ಚೂರು ವ್ಯತ್ಯಾಸ.

ಸಾರಜನಕ ಎಲ್ಲಿಂದ ಬಂದರೂ ಸಾರಜನಕವೇ. ತೂಕ ಎರಡು ಥರ ಇರಲು ಸಾಧ್ಯವಿಲ್ಲ. ಹಾಗಾದರೆ ಏನೋ ಕಲಬೆರಕೆ ಆಗಿರಬೇಕು, ಅಲ್ವಾ? ರೇಲಿ ಕೂಡ ಮೊದಲು ಹಾಗೇ ಯೋಚಿಸಿದರು. ಹಗುರವಾದ ಜಲಜನಕ ಸೇರಿಕೊಂಡಿದೆಯೇ? ಬೇಕೆಂದೇ ಜಲಜನಕ ಬೆರೆಸಿ, ತಮ್ಮ ವಿಧಾನದಲ್ಲಿ ಅದು ಪೂರ್ತಿ ಹೊರಗೆ ಹೋಗುತ್ತದೆಂದು ಖಾತ್ರಿ ಮಾಡಿಕೊಂಡರು. ಸಾರಜನಕದ ಅಣುಗಳೇ ಒಡೆದು ಬಿಡಿ ಪರಮಾಣುಗಳಾಗಿವೆಯೇ? ಅನಿಲವನ್ನು ಎಂಟು ತಿಂಗಳು ಹಾಗೇ ಇಟ್ಟು ಮತ್ತೆ ತೂಗಿದರು. ಏನೂ ಬದಲಾಗಲಿಲ್ಲ. ಇದರ ನಡುವೆ 1892ರಲ್ಲಿ ನೇಚರ್ ಪತ್ರಿಕೆಗೆ ಒಂದು ಪತ್ರ ಬರೆದು, ನನಗೆ ಇದು ಅರ್ಥವಾಗುತ್ತಿಲ್ಲ, ಓದುಗರಲ್ಲಿ ಯಾರಿಗಾದರೂ ಕಾರಣ ಹೊಳೆದರೆ ತಿಳಿಸಿ ಎಂದು ಕೇಳಿದರು. ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್‌ವೆಲ್ ನಂತರ ಅದೇ ಕುರ್ಚಿಯಲ್ಲಿ ಕೂತಿದ್ದವರು, ಆಕಾಶ ಯಾಕೆ ನೀಲಿ ಎಂದು ಲೆಕ್ಕ ಹಾಕಿ ತೋರಿಸಿದವರು ಬರೆದ ಪತ್ರ ಇದು.

ಇನ್ನೊಂದು ಹೆಜ್ಜೆ ಇಟ್ಟರು. ನನಗೆ ಬಹಳ ಇಷ್ಟವಾಗುವುದು ಅದೇ. ಮೊದಲು ಅವರಿಗೆ ಕಂಡ ವ್ಯತ್ಯಾಸ ಸಾವಿರದಲ್ಲಿ ಒಂದು ಪಾಲು ಮಾತ್ರ. ಆ ವಿಧಾನದಲ್ಲಿ ಅಮೋನಿಯಾ ಜೊತೆ ಗಾಳಿಯನ್ನೂ ಹಾಯಿಸುತ್ತಿದ್ದರು. ಹಾಗಾಗಿ ಸಿಗುವ ಸಾರಜನಕದಲ್ಲಿ ಬಹುಪಾಲು ಗಾಳಿಯದ್ದೇ ಇರುತ್ತಿತ್ತು. ಅವರು ಗಾಳಿಯನ್ನು ಪೂರ್ತಿ ಬಿಟ್ಟು ಶುದ್ಧ ಆಮ್ಲಜನಕ ಬಳಸಿದರು. ಈಗ ಸಿಕ್ಕ ಸಾರಜನಕವೆಲ್ಲ ಅಮೋನಿಯಾದ್ದೇ. ವ್ಯತ್ಯಾಸ ಐದು ಪಟ್ಟು ಬೆಳೆದು ಮೊದಲು ಹೇಳಿದಷ್ಟಾಯಿತು. ಮುಂದೆ ಒಂದು ಉಪನ್ಯಾಸದಲ್ಲಿ ಅವರು ಇದನ್ನು ಬಿಡಿಸಿ ಹೇಳಿದರು: ಹೊಂದದ ಅಳತೆ ಕಂಡರೆ ಅದನ್ನು ಹೇಗಾದರೂ ಇಲ್ಲವಾಗಿಸಬೇಕು ಎಂದು ಮನಸ್ಸು ಹೇಳುತ್ತದೆ, ಆದರೆ ಮಾಡಬೇಕಾದ್ದು ಅದನ್ನು ದೊಡ್ಡದು ಮಾಡುವುದು, ಆಗ ಕಾರಣ ಸಿಗುತ್ತದೆ ಎಂದು.

ಕಾರಣ ಸಿಕ್ಕಿತು. ಹೆನ್ರಿ ಕ್ಯಾವೆಂಡಿಶ್ 1785ರಲ್ಲೇ ಗಾಳಿಯಲ್ಲಿ ವಿದ್ಯುತ್ ಕಿಡಿ ಹಾರಿಸಿ ಸಾರಜನಕವನ್ನೆಲ್ಲ ತೆಗೆಯಲು ಹೊರಟಿದ್ದರು. ಕೊನೆಗೆ ಒಂದು ಸಣ್ಣ ಗುಳ್ಳೆ ಉಳಿದುಬಿಟ್ಟಿತ್ತು. ಮೊದಲಿನ ಸಾರಜನಕದ 120ರಲ್ಲಿ ಒಂದು ಪಾಲಿಗಿಂತ ಜಾಸ್ತಿ ಇಲ್ಲ ಎಂದು ಅದನ್ನೂ ಬರೆದಿಟ್ಟಿದ್ದರು. ನೂರು ವರ್ಷ ಆ ಸಾಲನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ರೇಲಿ ಅದೇ ಪ್ರಯೋಗವನ್ನು ಮತ್ತೆ ಮಾಡಿದರು. ಇನ್ನೊಂದು ಕಡೆ ವಿಲಿಯಂ ರ‍್ಯಾಮ್ಸೆ ಕಾದ ಮೆಗ್ನೀಸಿಯಂ ಮೇಲೆ ಗಾಳಿಯ ಸಾರಜನಕ ಹಾಯಿಸಿ ಅದನ್ನು ಹೀರಿಸಿದರು. ಇಬ್ಬರಿಗೂ ಸಿಕ್ಕಿದ್ದು ಸಾರಜನಕಕ್ಕಿಂತ ಭಾರವಾದ ಒಂದೇ ಹೊಸ ಅನಿಲ. 1894ರ ಆಗಸ್ಟ್‌ನಲ್ಲಿ ಇಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಅದೇ ಆರ್ಗಾನ್. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಹತ್ತಿರಹತ್ತಿರ ಒಂದು ಪಾಲು ಅದೇ ಇದೆ. 1904ರಲ್ಲಿ ರೇಲಿಗೆ ಭೌತಶಾಸ್ತ್ರದ ನೊಬೆಲ್, ರ‍್ಯಾಮ್ಸೆಗೆ ರಸಾಯನಶಾಸ್ತ್ರದ್ದು.

ನಾನು ಡಿಗ್ರಿ ವಿದ್ಯಾರ್ಥಿಗಳಿಗೆ ಫಿಸಿಕ್ಸ್ ಪ್ರಾಕ್ಟಿಕಲ್ ಹೇಳಿಕೊಡುತ್ತೇನೆ. ನೊಬೆಲ್ ಪಡೆದವರ ಬದುಕಿನ ಕಥೆಗಳನ್ನು ಓದುವುದು ನನಗೆ ಹಳೆಯ ಅಭ್ಯಾಸ. ಮೊದಮೊದಲು ಅವರ ಬಾಲ್ಯ, ಬಡತನ, ಹಟ, ಜಗಳ ಎಲ್ಲ ಓದುತ್ತಿದ್ದೆ. ಈಗ ಯಾವ ಹೊಸ ಜೀವನಚರಿತ್ರೆ ಕೈಗೆ ಬಂದರೂ ಒಂದೇ ವಿಷಯ ಹುಡುಕುತ್ತೇನೆ. ಇವರ ಕೈಯಲ್ಲಿ ಹೊಂದದ ಒಂದು ರೀಡಿಂಗ್ ಬಂದ ದಿನ ಇವರು ಏನು ಮಾಡಿದರು? ಅದಕ್ಕೆ ಕಾರಣ ನನ್ನ ಕೆಲಸ. ಮೇಜಿನ ಮೇಲೆ ರೆಕಾರ್ಡ್ ಪುಸ್ತಕಗಳು ಬರುತ್ತವೆ. ಲೋಲಕದ ಪ್ರಯೋಗದಲ್ಲಿ ಎಲ್ಲರಿಗೂ ಗುರುತ್ವದ ಬೆಲೆ 9.8 ಬಂದಿರುತ್ತದೆ. ದಾರದ ಉದ್ದ ಅಳೆದ ರೀತಿ ನಾನೇ ನೋಡಿರುತ್ತೇನೆ. ಗಡಿಯಾರ ಒತ್ತಿದ ಬೆರಳನ್ನೂ ನೋಡಿರುತ್ತೇನೆ. 9.8 ಬರಲು ಸಾಧ್ಯವೇ ಇಲ್ಲ ಎಂದು ಗೊತ್ತಿರುತ್ತದೆ. ಪುಸ್ತಕದಲ್ಲಿ ರಬ್ಬರಿನಿಂದ ಉಜ್ಜಿದ ಗುರುತು ಇರುತ್ತದೆ. ಉಜ್ಜಿ ಹೋದ ಆ ಅಂಕಿಯೇ ನನಗೆ ಬೇಕಾಗಿದ್ದು.

ರಾಮನ್ ಅವರ ಕಥೆ ನಮಗೆಲ್ಲ ಗೊತ್ತು. ಹಡಗು, ಮೆಡಿಟರೇನಿಯನ್ ಸಮುದ್ರದ ನೀಲಿ, 1928ರ ಫೆಬ್ರವರಿ 28, ನೊಬೆಲ್. ಮಧ್ಯದ ಏಳು ವರ್ಷಗಳನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಪ್ರಕಾರ ಕಥೆ ಇರುವುದೇ ಅಲ್ಲಿ.

1921ರಲ್ಲಿ ಸಮುದ್ರ ನೋಡಿ ಬಂದ ಮೇಲೆ ರಾಮನ್ ಕಲ್ಕತ್ತದ ಬೌಬಜಾರ್ ರಸ್ತೆಯ ಸಂಸ್ಥೆಯಲ್ಲಿ ಬೆಳಕು ದ್ರವಗಳಲ್ಲಿ ಹೇಗೆ ಚದುರುತ್ತದೆ ಎಂದು ವಿದ್ಯಾರ್ಥಿಗಳ ಜೊತೆ ಅಧ್ಯಯನ ಶುರು ಮಾಡಿದರು. 1923ರಲ್ಲಿ ಕೆ. ಆರ್. ರಾಮನಾಥನ್ ಅವರಿಗೆ ಒಂದು ವಿಚಿತ್ರ ಕಂಡಿತು. ಸೂರ್ಯನ ಬೆಳಕನ್ನು ನೇರಳೆ ಗಾಜಿನ ಮೂಲಕ ಸೋಸಿ ನೀರಿನೊಳಗೆ ಬಿಟ್ಟಿದ್ದಾರೆ. ಚದುರಿ ಬರುವ ಬೆಳಕನ್ನು ಹಸಿರು ಗಾಜಿನ ಮೂಲಕ ನೋಡುತ್ತಿದ್ದಾರೆ. ಒಂದು ಗಾಜು ಬಿಟ್ಟದ್ದನ್ನು ಇನ್ನೊಂದು ತಡೆಯಬೇಕು. ಕಣ್ಣಿಗೆ ಕತ್ತಲೆಯೇ ಕಾಣಬೇಕು. ಆದರೆ ಮಂದವಾದ ಒಂದು ಜಾಡು ಉಳಿದುಕೊಂಡಿದೆ. ಒಳಗೆ ಹೋಗದ ಬಣ್ಣ ಹೊರಗೆ ಬರುತ್ತಿದೆ.

ಅದಕ್ಕೆ ಅವರು ಕೊಟ್ಟ ಹೆಸರು ದುರ್ಬಲ ಪ್ರತಿದೀಪ್ತಿ. ದ್ರವದಲ್ಲಿ ಎಲ್ಲೋ ಕಶ್ಮಲ ಇದೆ, ಅದು ಹೊಳೆಯುತ್ತಿದೆ ಎಂಬ ಅರ್ಥದಲ್ಲಿ. ಅದು ತುಂಬಾ ಸಹಜವಾದ ಊಹೆ. ಆದ್ದರಿಂದ ದ್ರವವನ್ನು ಶುದ್ಧ ಮಾಡಿದರು. ನಿಧಾನವಾಗಿ, ಮತ್ತೆ ಮತ್ತೆ ಬಟ್ಟಿ ಇಳಿಸಿದರು. ಜಾಡು ಹೋಗಲಿಲ್ಲ. ಹಲವು ದ್ರವಗಳಲ್ಲಿ ನೋಡಿದರು. ಅಲ್ಲೂ ಇತ್ತು. ಮುಂದೆ ವೆಂಕಟೇಶ್ವರನ್ ಅವರು ಚೆನ್ನಾಗಿ ಶುದ್ಧ ಮಾಡಿದ ಗ್ಲಿಸರಿನ್‌ನಲ್ಲಿ ನೋಡಿದಾಗ ಚದುರಿದ ಬೆಳಕು ನೀಲಿಯಾಗಿರಲಿಲ್ಲ, ಹೊಳೆಯುವ ಹಸಿರಾಗಿತ್ತು. ಅದಕ್ಕಿಂತ ಮುಖ್ಯವಾಗಿ ಆ ಬೆಳಕು ಧ್ರುವೀಕರಣಗೊಂಡಿತ್ತು, ಅಂದರೆ ಅದರ ಅಲೆಗಳು ಬಹುಮಟ್ಟಿಗೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತಿದ್ದವು. ಸಾಮಾನ್ಯ ಪ್ರತಿದೀಪ್ತಿ ಹಾಗೆ ಇರುವುದಿಲ್ಲ. ರೇಲಿ ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಮಂದವಾಗಿದ್ದದ್ದು ಗ್ಲಿಸರಿನ್‌ನಲ್ಲಿ ದೊಡ್ಡದಾಗಿ ಕಂಡಿತು.

1928ರ ಜನವರಿ, ಫೆಬ್ರವರಿಯಲ್ಲಿ ಕೆ. ಎಸ್. ಕೃಷ್ಣನ್ ಒಂದಾದ ಮೇಲೊಂದು ದ್ರವದಲ್ಲಿ ಅದೇ ಧ್ರುವೀಕರಣವನ್ನು ಕಂಡರು. ಕಾಂಪ್ಟನ್ ಅವರಿಗೆ ನೊಬೆಲ್ ಬಂದು ಕೆಲವೇ ತಿಂಗಳಾಗಿತ್ತು. ಎಕ್ಸ್-ಕಿರಣ ಎಲೆಕ್ಟ್ರಾನಿಗೆ ಬಡಿದು ಶಕ್ತಿ ಕಳೆದುಕೊಳ್ಳುವುದಾದರೆ, ಸಾಮಾನ್ಯ ಬೆಳಕು ಅಣುವಿಗೆ ಬಡಿದು ಶಕ್ತಿ ಕಳೆದುಕೊಳ್ಳಬಾರದೇಕೆ? ರಾಮನ್ ಇದನ್ನು ಹಿಡಿದುಕೊಂಡರು. ಸ್ಪೆಕ್ಟ್ರೋಸ್ಕೋಪ್ ಇಟ್ಟು ನೋಡಿದಾಗ ಮೂಲ ಬಣ್ಣದ ಪಕ್ಕದಲ್ಲಿ ಹೊಸ ಬಣ್ಣ ಬೇರೆಯಾಗಿ ನಿಂತಿತ್ತು. ಚದುರುವ ಬೆಳಕಿನಲ್ಲೂ ಹೀಗೆ ಬಣ್ಣ ಬದಲಿಸುವುದು ತುಂಬಾ ಕಡಿಮೆ. ದ್ರವದೊಳಗೆ ಹೋದ ಬೆಳಕಿನ ಒಂದು ಕೋಟಿ ಕಣಗಳಲ್ಲಿ ಒಂದು ಇರಬಹುದು. ಅದನ್ನು ಕಣ್ಣಿನಿಂದ ನೋಡಿದರು.

ಐದು ವರ್ಷ ಅದು ಕಶ್ಮಲ ಎಂಬ ಹೆಸರಿನಲ್ಲೇ ಅವರ ಮುಂದೆ ಇತ್ತು. ಹೆಸರು ತಪ್ಪಾಗಿತ್ತು. ಆದರೂ ಯಾರೂ ಆ ವೀಕ್ಷಣೆಯನ್ನು ಅಳಿಸಲಿಲ್ಲ. ಒಬ್ಬರ ಕೈಯಿಂದ ಒಬ್ಬರಿಗೆ ಅದು ದಾಟಿಕೊಂಡು ಬಂತು. ಬಹುಮಾನ ಒಬ್ಬರಿಗೇ ಬಂತು ಎನ್ನುವುದು ನಿಜ. 1930ರ ನೊಬೆಲ್ ಉಪನ್ಯಾಸದಲ್ಲಿ ರಾಮನ್ 1923ರ ಆ ವೀಕ್ಷಣೆಯಿಂದಲೇ ಕಥೆ ಹೇಳಿದರು. ಆದರೂ ರಾಮನಾಥನ್, ವೆಂಕಟೇಶ್ವರನ್, ಕೃಷ್ಣನ್ ಎಂಬ ಹೆಸರುಗಳು ನಮ್ಮ ಪಾಠಪುಸ್ತಕಗಳಲ್ಲಿ ಇನ್ನೂ ಜಾಸ್ತಿ ಬರಬೇಕಿತ್ತು ಎಂದು ನನಗೆ ಪ್ರತಿ ಫೆಬ್ರವರಿಯಲ್ಲೂ ಅನ್ನಿಸುತ್ತದೆ.

ರೇಡಿಯೊ ಖಗೋಳವಿಜ್ಞಾನಿಗಳಾದ ಪೆಂಜಿಯಸ್ ಮತ್ತು ವಿಲ್ಸನ್ ಕಥೆಯಲ್ಲಿ ಎಲ್ಲರೂ ಪಾರಿವಾಳಗಳನ್ನೇ ಹೇಳುತ್ತಾರೆ. ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಲ್ಯಾಬ್ಸ್‌ನವರ ಕೊಂಬಿನಾಕಾರದ ದೊಡ್ಡ ಆಂಟೆನಾ. ಒಳಗೆ ಪಾರಿವಾಳದ ಜೋಡಿ ಗೂಡು ಕಟ್ಟಿತ್ತು. ಹಿಕ್ಕೆ ತೊಳೆದರೂ ಆಂಟೆನಾದಲ್ಲಿ ಬರುತ್ತಿದ್ದ ಸದ್ದು ಹೋಗಲಿಲ್ಲ. ಅದೇ ಬ್ರಹ್ಮಾಂಡದ ಹುಟ್ಟಿನ ಕಾಲದಿಂದ ಉಳಿದ ಬೆಳಕು. ಕಥೆ ಚೆನ್ನಾಗಿದೆ. ಆದರೆ ಅವರ ನಿಜವಾದ ಕೆಲಸ ಬೇರೆ ಇತ್ತು.

1964ರಲ್ಲಿ ಅವರಿಬ್ಬರೂ ನಮ್ಮ ಗ್ಯಾಲಕ್ಸಿಯ ಸುತ್ತ ಹರಡಿರಬಹುದಾದ ರೇಡಿಯೊ ಹೊಳಪನ್ನು ಅಳೆಯಬೇಕೆಂದಿದ್ದರು. ಅದಕ್ಕೆ ಮೊದಲು ಆಂಟೆನಾದ ಜೀರೋ ಎರರ್ ಗೊತ್ತಾಗಬೇಕು. 7.35 ಸೆಂಟಿಮೀಟರ್ ತರಂಗಾಂತರದಲ್ಲಿ ಆಕಾಶದಿಂದ ಹೆಚ್ಚೇನೂ ಬರುವುದಿಲ್ಲ. ಅಲ್ಲಿ ಅಳೆದರೆ ಯಂತ್ರದ್ದೇ ಆದ ಗದ್ದಲ ಎಷ್ಟು ಎಂದು ತಿಳಿಯುತ್ತದೆ. ಈ ಗದ್ದಲವನ್ನು ಉಷ್ಣತೆಯ ಲೆಕ್ಕದಲ್ಲೇ ಹೇಳುತ್ತಾರೆ. ಸಾಮಾನ್ಯವಾಗಿ ಎಲ್ಲರೂ ಅಂದಾಜಿನ ಮೇಲೆ ಬಿಡುವ ಕೆಲಸ ಇದು. ಅವರು ದ್ರವ ಹೀಲಿಯಂನಲ್ಲಿ ತಣ್ಣಗಿಟ್ಟ ಒಂದು ಮಾನಕ ಮಾಡಿಕೊಂಡರು. ಅದರ ಉಷ್ಣತೆ ಖಚಿತವಾಗಿ ಗೊತ್ತು. ಆಂಟೆನಾವನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರು. ವಾತಾವರಣದ್ದು ಇಷ್ಟು, ಲೋಹದ ಗೋಡೆಯದ್ದು ಇಷ್ಟು, ನೆಲದ್ದು ಇಷ್ಟು ಎಂದು ಒಂದೊಂದನ್ನೂ ಕಳೆದರು. ಕೊನೆಗೆ 3.5 ಕೆಲ್ವಿನ್ ಉಳಿಯಿತು. ಯಾವ ದಿಕ್ಕಿಗೆ ತಿರುಗಿಸಿದರೂ ಅಷ್ಟೇ. ನ್ಯೂಯಾರ್ಕ್ ನಗರದ ಕಡೆ ತಿರುಗಿಸಿದರೂ ಅಷ್ಟೇ. ಋತು ಬದಲಾದರೂ ಅಷ್ಟೇ. ಲೋಹದ ಜೋಡಣೆಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಅಂಟಿಸಿದರು. ಪಾರಿವಾಳ ಹಿಡಿದು ದೂರ ಕಳಿಸಿದರು, ಅವು ವಾಪಸ್ ಬಂದವು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಅದೇ ಆಂಟೆನಾದಲ್ಲಿ 1961ರಲ್ಲೇ ಎಡ್ವರ್ಡ್ ಓಮ್ ಎಂಬ ಇಂಜಿನಿಯರ್ ಅಳೆದಿದ್ದರು. ಅವರ ಲೆಕ್ಕದಲ್ಲೂ ಹೆಚ್ಚುಕಡಿಮೆ 3 ಡಿಗ್ರಿ ಜಾಸ್ತಿಯೇ ಬಂದಿತ್ತು. ಆದರೆ ಅವರ ಅಳತೆಯ ಎರರ್ ಕೂಡ ಅಷ್ಟೇ ದೊಡ್ಡದಿತ್ತು. ಆ 3 ಡಿಗ್ರಿ ಅದರೊಳಗೆ ಮುಚ್ಚಿಹೋಯಿತು. ಓಮ್ ಏನೂ ತಪ್ಪು ಮಾಡಲಿಲ್ಲ. ಅವರಿಗೆ ಬೇಕಾಗಿದ್ದು ಉಪಗ್ರಹ ಸಂಪರ್ಕಕ್ಕೆ ಆಂಟೆನಾ ಸಾಕೇ ಎನ್ನುವ ಉತ್ತರ, ಅದು ಸಿಕ್ಕಿತು. ಅದಕ್ಕಿಂತ ಹಿಂದೆ 1941ರಲ್ಲಿ ಆಂಡ್ರ್ಯೂ ಮೆಕೆಲ್ಲರ್ ನಕ್ಷತ್ರಗಳ ನಡುವಿನ ಸಯನೊಜನ್ ಅಣುಗಳು 2.3 ಕೆಲ್ವಿನ್‌ನಷ್ಟು ಬೆಚ್ಚಗಿವೆ ಎಂದು ಲೆಕ್ಕ ಹಾಕಿದ್ದರು. ಅದನ್ನೂ ಯಾರೂ ಹಿಗ್ಗಿಸಿ ನೋಡಲಿಲ್ಲ. ವಿದ್ಯಾರ್ಥಿಗಳು ಲೀಸ್ಟ್ ಕೌಂಟ್ (ಉಪಕರಣ ಅಳೆಯಬಲ್ಲ ಅತಿ ಸಣ್ಣ ಅಳತೆ) ಬರೆಯುವುದೇ ಬೇಸರದ ಕೆಲಸ ಎಂದಾಗಲೆಲ್ಲ ನಾನು ಹೇಳುವುದು ಈ ಹೋಲಿಕೆಯನ್ನೇ. ಓಮ್ ಮತ್ತು ಪೆಂಜಿಯಸ್ ನೋಡಿದ್ದು ಒಂದೇ ಆಕಾಶ. ಎರರ್ ಸಣ್ಣದು ಮಾಡಿಕೊಂಡವರಿಗೆ ಅದು ಕಂಡಿತು.

ಅದೇನೆಂದು ಅವರಿಗೆ ಗೊತ್ತಾದದ್ದು ಹತ್ತಿರದ ಪ್ರಿನ್ಸ್‌ಟನ್‌ನವರಿಂದ. ಅಲ್ಲಿ ರಾಬರ್ಟ್ ಡಿಕಿ ಮತ್ತು ಜಿಮ್ ಪೀಬಲ್ಸ್ ಅಂಥದೇ ವಿಕಿರಣ ಹುಡುಕಲು ಸಿದ್ಧತೆ ನಡೆಸಿದ್ದರು. 1965ರಲ್ಲಿ ಎರಡು ತಂಡಗಳ ಪತ್ರಗಳೂ ಅಕ್ಕಪಕ್ಕದಲ್ಲಿ ಅಚ್ಚಾದವು. ಪೆಂಜಿಯಸ್ ಮತ್ತು ವಿಲ್ಸನ್ ಬರೆದದ್ದು ತುಂಬಾ ಚಿಕ್ಕದು. ಬ್ರಹ್ಮಾಂಡದ ಹುಟ್ಟು ಎಂಬ ದೊಡ್ಡ ಮಾತು ಅದರಲ್ಲಿಲ್ಲ. ಶೀರ್ಷಿಕೆಯಲ್ಲಿ ಇರುವುದು ಹೆಚ್ಚುವರಿ ಆಂಟೆನಾ ಉಷ್ಣತೆಯ ಅಳತೆ ಎಂದಷ್ಟೇ. 1978ರಲ್ಲಿ ಅವರಿಗೆ ನೊಬೆಲ್. ಪೀಬಲ್ಸ್ 2019ರವರೆಗೆ ಕಾಯಬೇಕಾಯಿತು. ಆ ಪೆಂಜಿಯಸ್ ಆರು ವರ್ಷದ ಹುಡುಗನಾಗಿದ್ದಾಗ ತಮ್ಮನ ಕೈ ಹಿಡಿದು, ಅಪ್ಪ ಅಮ್ಮ ಜೊತೆಗಿಲ್ಲದೆ, ಯಹೂದಿ ಮಕ್ಕಳನ್ನು ಉಳಿಸಲು ಬಿಟ್ಟ ರೈಲಿನಲ್ಲಿ ಜರ್ಮನಿ ಬಿಟ್ಟವರು. ಇದನ್ನು ಓದಿದ ಮೇಲೆ ಆ ಚಿಕ್ಕ ಪತ್ರ ನನಗೆ ಇನ್ನೂ ಹತ್ತಿರವಾಯಿತು.

ನನಗೆ ಎಲ್ಲರಿಗಿಂತ ಹೆಚ್ಚು ಪ್ರೀತಿ ಇರುವುದು ರೇಮಂಡ್ ಡೇವಿಸ್ ಮೇಲೆ.

ಡೇವಿಸ್ ಭೌತವಿಜ್ಞಾನಿಯೇ ಅಲ್ಲ, ಕೆಮಿಸ್ಟ್. ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದಾಗ ನಾನೇನು ಮಾಡಬೇಕು ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದರಂತೆ. ಲೈಬ್ರರಿಗೆ ಹೋಗಿ ನಿಮಗೆ ಆಸಕ್ತಿ ಇರುವುದನ್ನು ಹುಡುಕಿಕೊಳ್ಳಿ ಎಂದರಂತೆ ಅವರು. ಡೇವಿಸ್ ಹುಡುಕಿಕೊಂಡದ್ದು ನ್ಯೂಟ್ರಿನೊ. ಸೂರ್ಯನ ಒಡಲಿನಲ್ಲಿ ಹುಟ್ಟಿ, ಭೂಮಿಯನ್ನೂ ನಮ್ಮನ್ನೂ ಏನೂ ಇಲ್ಲವೇನೋ ಎಂಬಂತೆ ಹಾಯ್ದು ಹೋಗುವ ಕಣ. ಅದನ್ನು ಹಿಡಿಯುವುದು ಹೇಗೆ? ಅಪರೂಪಕ್ಕೆ ಒಂದು ನ್ಯೂಟ್ರಿನೊ ಕ್ಲೋರಿನ್ ಪರಮಾಣುವಿಗೆ ಬಡಿದರೆ ಆ ಕ್ಲೋರಿನ್ ಆರ್ಗಾನ್ ಆಗುತ್ತದೆ. ಹೌದು, ರೇಲಿಯವರ ಅದೇ ಆರ್ಗಾನ್, ಆದರೆ ವಿಕಿರಣ ಸೂಸುವ ಬಗೆ. 35 ದಿನಗಳಲ್ಲಿ ಅದರಲ್ಲಿ ಅರ್ಧ ಕರಗಿಹೋಗುತ್ತದೆ.

ಅವರು ಅಮೆರಿಕದ ಸೌತ್ ಡಕೋಟದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ, ಒಂದು ಟ್ಯಾಂಕ್ ಕಟ್ಟಿಸಿದರು. ಬೇರೆ ಕಣಗಳ ಕಾಟ ತಪ್ಪಲಿ ಎಂದು ಅಷ್ಟು ಆಳ. ಒಳಗೆ 3,80,000 ಲೀಟರ್ ದ್ರವ. ಬಟ್ಟೆಗಳ ಡ್ರೈ ಕ್ಲೀನಿಂಗ್‌ಗೆ ಬಳಸುವ ಕ್ಲೋರಿನ್ ಇರುವ ದ್ರವ ಅದು. ಕೆಲವು ವಾರ ಕಾಯುವುದು. ಆಮೇಲೆ ಹೀಲಿಯಂ ಗುಳ್ಳೆಗಳನ್ನು ಹಾಯಿಸಿ, ಆ ಸಮುದ್ರದಷ್ಟು ದ್ರವದಿಂದ ಬೆರಳೆಣಿಕೆಯ ಆರ್ಗಾನ್ ಪರಮಾಣುಗಳನ್ನು ಹೊರಗೆ ತೆಗೆದು ಎಣಿಸುವುದು. ದಿನಕ್ಕೆ ಒಂದೂವರೆ ಪರಮಾಣು ಹುಟ್ಟಬೇಕು ಎಂದು ಜಾನ್ ಬಾಕಾಲ್ ಅವರ ಸೂರ್ಯನ ಲೆಕ್ಕ ಹೇಳುತ್ತಿತ್ತು. ಡೇವಿಸ್‌ಗೆ ಸಿಕ್ಕಿದ್ದು ದಿನಕ್ಕೆ ಅರ್ಧ ಪರಮಾಣು. ಮೂರರಲ್ಲಿ ಒಂದು ಪಾಲು.

1968ರಿಂದ ಅವರು ಇದನ್ನೇ ಹೇಳುತ್ತ ಬಂದರು. ನಂಬುವವರು ಕಡಿಮೆ. ಟ್ಯಾಂಕಿನಲ್ಲಿ ಕೆಲವು ಪರಮಾಣು ಎಲ್ಲೋ ಸಿಕ್ಕಿಹಾಕಿಕೊಂಡಿರಬೇಕು ಎಂದರು ಕೆಲವರು. ಡೇವಿಸ್ ಗೊತ್ತಿರುವಷ್ಟು ಆರ್ಗಾನ್ ಒಳಗೆ ಬಿಟ್ಟು, ಅಷ್ಟನ್ನೂ ಹೊರಗೆ ತೆಗೆಯಬಲ್ಲೆ ಎಂದು ತೋರಿಸಿದರು. ಸೂರ್ಯನ ಲೆಕ್ಕವೇ ತಪ್ಪಿರಬೇಕು ಎಂದರು ಇನ್ನು ಕೆಲವರು. ಬಾಕಾಲ್ ಆ ಲೆಕ್ಕವನ್ನು ವರ್ಷಗಟ್ಟಲೆ ತಿದ್ದಿ ತೀಡಿದರು, ಉತ್ತರ ಅಲ್ಲೇ ನಿಂತಿತು. ಇಬ್ಬರೂ ಸ್ನೇಹಿತರು. ಒಬ್ಬರ ಅಂಕಿ ಇನ್ನೊಬ್ಬರ ಅಂಕಿಗೆ ಹೊಂದುತ್ತಿಲ್ಲ, ಇಬ್ಬರೂ ಬಗ್ಗುತ್ತಿಲ್ಲ, ಸ್ನೇಹ ಮಾತ್ರ ಕೆಡಲಿಲ್ಲ. ಇದು ನನಗೆ ಬಹಳ ದೊಡ್ಡ ವಿಷಯವಾಗಿ ಕಾಣುತ್ತದೆ.

ರೇಲಿ ಹೇಳಿದ ಹಾಗೆ ದೊಡ್ಡದು ಮಾಡುವ ದಾರಿಯೂ ಡೇವಿಸ್‌ಗೆ ಇರಲಿಲ್ಲ. ಸೂರ್ಯನನ್ನು ಜಾಸ್ತಿ ಉರಿಸಲು ಆಗುವುದಿಲ್ಲ. ಅವರಿಗೆ ಇದ್ದದ್ದು ಸಮಯ ಒಂದೇ. ಪ್ರಯೋಗ 1994ರವರೆಗೆ ನಡೆಯಿತು. ಅಷ್ಟೂ ವರ್ಷ ಸೇರಿ ಅವರು ಹಿಡಿದದ್ದು ಸುಮಾರು 2,000 ನ್ಯೂಟ್ರಿನೊ. ಒಂದು ಜೀವಮಾನದ ಡೇಟಾ ಅಷ್ಟೇ.

ಉತ್ತರ ಬೇರೆಯವರಿಂದ ಬಂತು. ನ್ಯೂಟ್ರಿನೊಗಳಲ್ಲಿ ಮೂರು ಬಗೆ. ದಾರಿಯಲ್ಲಿ ಒಂದು ಬಗೆ ಇನ್ನೊಂದಾಗುತ್ತದೆ. ಡೇವಿಸ್ ಅವರ ಟ್ಯಾಂಕಿಗೆ ಒಂದು ಬಗೆ ಮಾತ್ರ ಕಾಣುತ್ತಿತ್ತು. ಪೊಂಟೆಕೊರ್ವೊ ಮತ್ತು ಗ್ರಿಬೊವ್ 1969ರಲ್ಲೇ ಹೀಗಿರಬಹುದು ಎಂದು ಹೇಳಿದ್ದರು. 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ಪ್ರಯೋಗ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಬಗೆ ಬದಲಿಸುವುದನ್ನು ತೋರಿಸಿತು. 2001 ಮತ್ತು 2002ರಲ್ಲಿ ಕೆನಡಾದ ಸಡ್‌ಬರಿಯ ಗಣಿಯೊಳಗೆ 1,000 ಟನ್ ಭಾರಜಲ ಇಟ್ಟುಕೊಂಡವರು ಸೂರ್ಯನ ಮೂರೂ ಬಗೆಗಳನ್ನು ಎಣಿಸಿದರು. ಒಟ್ಟು ಸರಿಯಾಗಿ ಬಾಕಾಲ್ ಲೆಕ್ಕದಷ್ಟೇ ಇತ್ತು. ಡೇವಿಸ್ ಅಳತೆ ಸರಿ, ಬಾಕಾಲ್ ಲೆಕ್ಕವೂ ಸರಿ. ಬಗೆ ಬದಲಾಗಬೇಕಾದರೆ ತೂಕ ಇರಲೇಬೇಕು, ಹಾಗಾಗಿ ನ್ಯೂಟ್ರಿನೊಗೆ ತೂಕವೇ ಇಲ್ಲ ಎಂದುಕೊಂಡಿದ್ದ ಸಿದ್ಧಾಂತವೇ ಬದಲಾಯಿತು.

2002ರಲ್ಲಿ ನೊಬೆಲ್ ಬಂದಾಗ ಡೇವಿಸ್‌ಗೆ 88 ವರ್ಷ. ಅಲ್ಝೈಮರ್ ಕಾಯಿಲೆ ಆಗಲೇ ಅವರನ್ನು ಹಿಡಿದಿತ್ತು. ನೊಬೆಲ್ ಉಪನ್ಯಾಸವನ್ನು ಅವರ ಮಗ ಕೊಟ್ಟರು. ಬಾಕಾಲ್‌ಗೆ ಬಹುಮಾನ ಬರಲಿಲ್ಲ. ಅವರು 2005ರಲ್ಲಿ ತೀರಿಕೊಂಡರು, ಡೇವಿಸ್ 2006ರಲ್ಲಿ. ಜಪಾನಿನ ಪ್ರಯೋಗದ ಕಾಜಿಟ ಮತ್ತು ಸಡ್‌ಬರಿಯ ಮೆಕ್‌ಡೊನಾಲ್ಡ್‌ಗೆ 2015ರಲ್ಲಿ ನೊಬೆಲ್ ಬಂತು. ಬಾಕಾಲ್‌ಗೆ ಬರದೇ ಹೋದದ್ದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಜಾಸ್ಲಿನ್ ಬೆಲ್ ಕಥೆಯಲ್ಲಿ ದೊಡ್ಡದು ಮಾಡುವುದು ಎಂದರೆ ಅಕ್ಷರಶಃ ಹಿಗ್ಗಿಸುವುದು. 1967ರಲ್ಲಿ ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ರೇಡಿಯೊ ದೂರದರ್ಶಕದ ಕಂಬ, ತಂತಿ ನಿಲ್ಲಿಸುವುದರಲ್ಲೂ ಕೈ ಹಾಕಿದ್ದರು. ದಿನಕ್ಕೆ ಸುಮಾರು 30 ಮೀಟರ್ ಚಾರ್ಟ್ ಕಾಗದ ಬರುತ್ತಿತ್ತು, ಎಲ್ಲವನ್ನೂ ಕಣ್ಣಿನಲ್ಲೇ ನೋಡಬೇಕು. ಅದರಲ್ಲಿ ಅರ್ಧ ಸೆಂಟಿಮೀಟರ್‌ನಷ್ಟು ಒಂದು ಗೀಚು. ಅವರು ಹುಡುಕುತ್ತಿದ್ದ ದೂರದ ರೇಡಿಯೊ ಮೂಲಗಳ ಮಿನುಗೂ ಅಲ್ಲ, ಭೂಮಿಯ ಮೇಲಿನ ಅಡಚಣೆಯೂ ಅಲ್ಲ. ಇದನ್ನು ಮೊದಲು ಎಲ್ಲೋ ನೋಡಿದ್ದೇನೆ ಎನಿಸಿ ಹಳೆಯ ಕಾಗದ ತಿರುವಿದರು. ಆಕಾಶದ ಅದೇ ಜಾಗದಿಂದ ಅದು ಬರುತ್ತಿತ್ತು. ನವೆಂಬರ್‌ನಲ್ಲಿ ಕಾಗದವನ್ನು ವೇಗವಾಗಿ ಓಡಿಸಿದರು. ಗೀಚು ಬಿಡಿ ಬಿಡಿ ಮಿಡಿತಗಳಾಗಿ ಬೇರೆಯಾಯಿತು. 1.33 ಸೆಕೆಂಡಿಗೆ ಒಂದು, ಒಂದಿಷ್ಟೂ ಏರುಪೇರಿಲ್ಲದೆ. ಅದು ಪಲ್ಸಾರ್, ಅಂದರೆ ಗಿರಗಿರನೆ ತಿರುಗುತ್ತ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ. 1974ರ ನೊಬೆಲ್ ಅವರ ಮಾರ್ಗದರ್ಶಕ ಆಂಟನಿ ಹ್ಯೂವಿಶ್‌ಗೆ ಹೋಯಿತು, ಜೊತೆಗೆ ಮಾರ್ಟಿನ್ ರೈಲ್‌ಗೆ. 2018ರಲ್ಲಿ ಬೆಲ್ ಅವರಿಗೆ 30 ಲಕ್ಷ ಡಾಲರ್‌ನ ಬ್ರೇಕ್‌ಥ್ರೂ ವಿಶೇಷ ಬಹುಮಾನ ಬಂದಾಗ ಅಷ್ಟನ್ನೂ ಅವಕಾಶ ಕಡಿಮೆ ಇರುವ ಹಿನ್ನೆಲೆಯ ಭೌತಶಾಸ್ತ್ರ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು.

ಇಷ್ಟೆಲ್ಲ ಹೇಳಿ ಮಿಲಿಕನ್ ಹೆಸರು ಬಿಟ್ಟರೆ ಸರಿಯಾಗುವುದಿಲ್ಲ. ಎಣ್ಣೆ ಹನಿಯಲ್ಲಿ ಎಲೆಕ್ಟ್ರಾನಿನ ವಿದ್ಯುದಾವೇಶ ಅಳೆದವರು, 1923ರ ನೊಬೆಲ್. 1913ರ ಪ್ರಬಂಧದಲ್ಲಿ 58 ಹನಿಗಳ ಲೆಕ್ಕ ಕೊಟ್ಟು, ಇವು ಆರಿಸಿದ ಹನಿಗಳಲ್ಲ, ಸತತ 60 ದಿನ ಪ್ರಯೋಗ ಮಾಡಿದ ಎಲ್ಲ ಹನಿಗಳೂ ಇಲ್ಲಿವೆ ಎಂದು ಬರೆದರು. ಅವರ ನೋಟ್‌ಬುಕ್ ಈಗ ಎಲ್ಲರೂ ನೋಡಬಹುದು. ಅದರಲ್ಲಿ 58ಕ್ಕಿಂತ ಜಾಸ್ತಿ ಹನಿಗಳಿವೆ. ಚೆನ್ನಾಗಿ ಬಂದವುಗಳ ಪಕ್ಕದಲ್ಲಿ ಇದು ಸುಂದರ, ಇದನ್ನು ಪ್ರಕಟಿಸಬೇಕು ಎಂಬಂಥ ಟಿಪ್ಪಣಿಗಳೂ ಇವೆ.

ಒಂದು ತರಗತಿಯಲ್ಲಿ ಒಬ್ಬ ಹುಡುಗಿ ಗ್ರಾಫ್ ತಂದು, ಗೆರೆಯಿಂದ ದೂರ ಬಿದ್ದ ಒಂದು ಬಿಂದು ತೋರಿಸಿ, ಮೇಡಂ ಇದನ್ನು ಬಿಟ್ಟುಬಿಡಲಾ, ಮಿಲಿಕನ್ನೂ ಬಿಟ್ಟಿದ್ದರಲ್ಲ ಎಂದು ಕೇಳಿದಳು. ಓದಿಕೊಂಡ ಹುಡುಗಿ. ಪ್ರಶ್ನೆ ಸರಿಯಾಗಿಯೇ ಇತ್ತು. ಮಿಲಿಕನ್ ಬಿಟ್ಟ ಹನಿಗಳಲ್ಲಿ ಹಲವಕ್ಕೆ ಕಾರಣ ಇತ್ತು. ಹನಿ ತೀರಾ ಚಿಕ್ಕದು, ಅಥವಾ ಧೂಳು, ಅಥವಾ ಗಾಳಿಯ ಸೆಳೆತ. ಬಿಟ್ಟವನ್ನು ಸೇರಿಸಿ ಲೆಕ್ಕ ಹಾಕಿದರೂ ಉತ್ತರ ಅಷ್ಟೇನೂ ಬದಲಾಗುವುದಿಲ್ಲ, ಎರರ್ ಮಾತ್ರ ಸ್ವಲ್ಪ ಹಿಗ್ಗುತ್ತದೆ ಎಂದು ಆಮೇಲೆ ನೋಡಿದವರು ಹೇಳುತ್ತಾರೆ. ಆದರೂ ಎಲ್ಲ ಹನಿಗಳೂ ಇಲ್ಲಿವೆ ಎಂಬ ಆ ವಾಕ್ಯ ನಿಜವಲ್ಲ. ಅದನ್ನು ನಾನು ಸಮರ್ಥಿಸುವುದಿಲ್ಲ. ಮಿಲಿಕನ್ ಮೇಲೆ ನನಗೆ ಗೌರವ ಕಡಿಮೆ ಅಂತಲ್ಲ. ಐನ್‌ಸ್ಟೈನ್ ಅವರ ಬೆಳಕಿನ ಕಣದ ಊಹೆ ಸುಳ್ಳೆಂದು ತೋರಿಸಲು ವರ್ಷಗಟ್ಟಲೆ ಪ್ರಯೋಗ ಮಾಡಿ, ಕೊನೆಗೆ ಅವರ ಸಮೀಕರಣ ಸರಿ ಎಂದು ತಮ್ಮ ಅಂಕಿಗಳಿಂದಲೇ ತೋರಿಸಿದವರೂ ಇವರೇ. ಇದೂ ಅದೇ ಮನುಷ್ಯ.

ಆ ಹುಡುಗಿಗೆ ಹೇಳಿದೆ: ಬಿಂದು ಗ್ರಾಫಿನಲ್ಲಿ ಇರಲಿ. ಸುತ್ತ ಒಂದು ವೃತ್ತ ಹಾಕು. ಗೆರೆಗೆ ಸೇರಿಸಿಲ್ಲ ಎಂದು ಪಕ್ಕದಲ್ಲಿ ಬರೆ, ಕಾರಣ ಗೊತ್ತಿದ್ದರೆ ಕಾರಣ ಬರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದು ಬರೆ. ಈಗ ನಮ್ಮ ಲ್ಯಾಬಿನಲ್ಲಿ ರಬ್ಬರ್ ಇಲ್ಲ. ರೀಡಿಂಗ್ ಬೇಡವಾದರೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಂಕಿ ಓದಲು ಬರಬೇಕು.

ಹೊಂದದ ಅಂಕಿಯೆಲ್ಲ ಹೊಸ ವಿಜ್ಞಾನ ಆಗುವುದಿಲ್ಲ. 2011ರಲ್ಲಿ ಒಪೆರಾ ತಂಡಕ್ಕೆ ಜಿನೀವಾದ ಹತ್ತಿರದಿಂದ 730 ಕಿಲೋಮೀಟರ್ ದೂರದ ಇಟಲಿಗೆ ಬಂದ ನ್ಯೂಟ್ರಿನೊಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ಬಂದಂತೆ ಕಂಡಿತು. ಸರಿಯಾಗಿ ಕೂತಿರದ ಒಂದು ಆಪ್ಟಿಕಲ್ ಫೈಬರ್ ಕನೆಕ್ಟರ್ ಅದಕ್ಕೆ ಮುಖ್ಯ ಕಾರಣವಾಗಿತ್ತು. ಅವರ ಮೇಲೆ ಟೀಕೆ ಬಹಳ ಬಂತು. ನಾನು ಅವರ ಪರ. ಕಂಡದ್ದನ್ನು ಮುಂದಿಟ್ಟು ನೀವೂ ನೋಡಿ ಎಂದರು, ತಪ್ಪನ್ನು ತಾವೇ ಹುಡುಕಿ ಹೇಳಿದರು.

ಈಗ ಇಂಥ ಒಂದು ಅಂಕಿ ನಮ್ಮ ಕಣ್ಣೆದುರೇ ಇದೆ. ಖಗೋಳವಿಜ್ಞಾನಿ ಆಡಮ್ ರೀಸ್ 2011ರಲ್ಲಿ ನೊಬೆಲ್ ಪಡೆದಾಗ ಅವರಿಗೆ 41 ವರ್ಷ. ದೂರದ ಸೂಪರ್‌ನೋವಾಗಳ, ಅಂದರೆ ಸಿಡಿಯುವ ನಕ್ಷತ್ರಗಳ, ಲೆಕ್ಕ ಹಾಕುವಾಗ ಬ್ರಹ್ಮಾಂಡದಲ್ಲಿರುವ ದ್ರವ್ಯ ಸೊನ್ನೆಗಿಂತ ಕಡಿಮೆ ಎಂಬ ಅರ್ಥವಿಲ್ಲದ ಉತ್ತರ ಬಂದಿತ್ತು. ಮೊದಲು ತಮ್ಮ ಪ್ರೋಗ್ರಾಂನಲ್ಲೇ ತಪ್ಪು ಹುಡುಕಿದರು. ತಪ್ಪು ಸಿಗಲಿಲ್ಲ. ಬ್ರಹ್ಮಾಂಡ ಹಿಗ್ಗುವ ವೇಗವೇ ಹೆಚ್ಚುತ್ತಿದೆ ಎಂದು 1998ರಲ್ಲಿ ಹೇಳಿದರು, ಪರ್ಲ್‌ಮಟರ್ ಅವರ ಇನ್ನೊಂದು ತಂಡವೂ ಅದನ್ನೇ ಹೇಳಿತು.

ಬಹುಮಾನ ಬಂದ ಮೇಲೂ ರೀಸ್ ಅಳೆಯುವುದು ಬಿಡಲಿಲ್ಲ. ಇಂದು ಬ್ರಹ್ಮಾಂಡ ಎಷ್ಟು ವೇಗವಾಗಿ ಹಿಗ್ಗುತ್ತಿದೆ? ಪೆಂಜಿಯಸ್ ಮತ್ತು ವಿಲ್ಸನ್ ಕಂಡ ಅದೇ ಹಳೆಯ ಬೆಳಕನ್ನು ಪ್ಲಾಂಕ್ ಉಪಗ್ರಹದಿಂದ ಸೂಕ್ಷ್ಮವಾಗಿ ಅಳೆದು ಲೆಕ್ಕ ಹಾಕಿದರೆ, 32.6 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ 67 ಕಿಲೋಮೀಟರ್ ಚಿಲ್ಲರೆ. ರೀಸ್ ತಂಡ ನಕ್ಷತ್ರಗಳಿಂದ ಹೆಜ್ಜೆ ಹೆಜ್ಜೆಯಾಗಿ ದೂರ ಅಳೆದರೆ 73. ವ್ಯತ್ಯಾಸ ರೇಲಿಯವರದ್ದಕ್ಕಿಂತ ಎಷ್ಟೋ ದೊಡ್ಡದು. ಅಕ್ಕಪಕ್ಕದ ನಕ್ಷತ್ರಗಳ ಬೆಳಕು ಬೆರೆತು ಮೋಸವಾಗಿದೆಯೇ ಎಂದು ವೆಬ್ ದೂರದರ್ಶಕದಿಂದ ಮತ್ತೆ ನೋಡಿದರು. 73 ಕದಲಲಿಲ್ಲ. ವೆಂಡಿ ಫ್ರೀಡ್‌ಮನ್ ಅವರ ತಂಡ ಬೇರೆ ಬಗೆಯ ನಕ್ಷತ್ರಗಳನ್ನು ಹಿಡಿದು ಅಳೆದಾಗ 70ರ ಆಸುಪಾಸು ಬರುತ್ತದೆ. ಅದು ಎರಡರ ನಡುವೆ ಕೂತಿದೆ.

ಲ್ಯಾಬಿನಲ್ಲೇ ಬದುಕು ಕಳೆದ ನನಗೆ ದೂರ ಅಳೆಯುವ ಏಣಿಯಲ್ಲೇ ಎಲ್ಲೋ ಒಂದು ಮೆಟ್ಟಿಲು ಸಡಿಲ ಇರಬಹುದು ಎಂಬ ಅನುಮಾನ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಸಿದ್ಧಾಂತವೇ ತಪ್ಪು, ಹೊಸದೇನೋ ಇದೆ ಎನ್ನುತ್ತಾರೆ. ಅವರ ಮಾತೇ ನಿಜವಾಗಲಿ ಎಂದು ನನಗೆ ಆಸೆ.